ಕ್ರಿಯಾಟಿನ್ ಪೂರಕ ಸೇವನೆ: ಸುರಕ್ಷತೆ, ಅಡ್ಡಪರಿಣಾಮಗಳು ಮತ್ತು ಮುನ್ನೆಚ್ಚರಿಕೆಗಳು

(ಕ್ರೀಡಾಪಟುಗಳು, ವ್ಯಾಯಾಮಶಾಲೆಗೆ ಹೋಗುವ ಯುವಜನರು, ಪೋಷಕರು ಹಾಗೂ ತರಬೇತುದಾರರ ಮಾಹಿತಿಗಾಗಿ)

1. ಪೀಠಿಕೆ

ನಗರಗಳ ವ್ಯಾಯಾಮಶಾಲೆಗಳಲ್ಲಿ ಮಾತ್ರವಲ್ಲದೆ ತಾಲ್ಲೂಕು ಕೇಂದ್ರಗಳ ಜಿಮ್‌ಗಳಲ್ಲಿ, ಗರಡಿ ಮನೆಗಳಲ್ಲಿ ಮತ್ತು ಪೊಲೀಸ್ ಹಾಗೂ ಸೇನಾ ನೇಮಕಾತಿಯ ದೈಹಿಕ ಪರೀಕ್ಷೆಗೆ ಸಿದ್ಧರಾಗುವ ಅಭ್ಯರ್ಥಿಗಳಲ್ಲಿಯೂ ಕ್ರಿಯಾಟಿನ್ ಎಂಬ ಬಿಳಿಯ ಪುಡಿಯ ಬಳಕೆ ಕಂಡುಬರುತ್ತಿದೆ. ಇದರ ಬಗ್ಗೆ ಎರಡು ಬಗೆಯ ಅಭಿಪ್ರಾಯಗಳು ಪ್ರಚಲಿತವಾಗಿವೆ. ಕ್ರಿಯಾಟಿನ್ ಎಂದರೆ ಸ್ಟೀರಾಯ್ಡ್, ಅದು ಮೂತ್ರಪಿಂಡವನ್ನು ಹಾಳುಮಾಡುತ್ತದೆ ಎಂಬುದು ಒಂದು. ಅದು ಸಂಪೂರ್ಣ ನಿರಪಾಯಕಾರಿ, ಯಾರು ಬೇಕಾದರೂ ಎಷ್ಟು ಬೇಕಾದರೂ ಸೇವಿಸಬಹುದು ಎಂಬುದು ಮತ್ತೊಂದು. ಈ ಎರಡೂ ಅಭಿಪ್ರಾಯಗಳು ಪೂರ್ಣ ಸತ್ಯವಲ್ಲ.

ಆರೋಗ್ಯವಂತ ವಯಸ್ಕರು ನಿಗದಿತ ಪ್ರಮಾಣದಲ್ಲಿ ಸೇವಿಸಿದಾಗ ಕ್ರಿಯಾಟಿನ್ ಮಾನೋಹೈಡ್ರೇಟ್‌ನಿಂದ ಗಂಭೀರ ಹಾನಿ ಉಂಟಾಗುವುದಕ್ಕೆ ಈವರೆಗಿನ ಅಧ್ಯಯನಗಳಲ್ಲಿ ಆಧಾರ ದೊರೆತಿರುವುದಿಲ್ಲ. ಆದರೆ ಮೂತ್ರಪಿಂಡದ ಕಾಯಿಲೆಯುಳ್ಳವರು ಹಾಗೂ ಇನ್ನು ಕೆಲವು ವರ್ಗದವರು ವೈದ್ಯರ ಸಲಹೆಯಿಲ್ಲದೆ ಇದನ್ನು ಸೇವಿಸಬಾರದು. ಇದಲ್ಲದೆ, ಕಳಪೆ ಅಥವಾ ಕಲಬೆರಕೆಯ ಉತ್ಪನ್ನದಿಂದ ಆಗಬಹುದಾದ ಅಪಾಯವು ಕ್ರಿಯಾಟಿನ್‌ನಿಂದ ಆಗುವ ಅಪಾಯಕ್ಕಿಂತ ಹೆಚ್ಚಿನದಾಗಿರುತ್ತದೆ. ಈ ಅಂಶಗಳನ್ನು ಮುಂದಿನ ಕಂಡಿಕೆಗಳಲ್ಲಿ ವಿವರಿಸಲಾಗಿದೆ.

2. ಕ್ರಿಯಾಟಿನ್ ಎಂದರೇನು?

ಕ್ರಿಯಾಟಿನ್ ಮನುಷ್ಯನ ದೇಹದಲ್ಲಿ ಸ್ವಾಭಾವಿಕವಾಗಿ ಇರುವ ವಸ್ತು. 1832ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಷೆಲ್ ಯುಜೀನ್ ಶೆವ್ರಲ್ ಅವರು ಇದನ್ನು ಮಾಂಸದ ಸಾರದಿಂದ ಬೇರ್ಪಡಿಸಿದರು. ಮಾಂಸ ಎಂಬ ಅರ್ಥದ ಗ್ರೀಕ್ ಪದದಿಂದ ಇದಕ್ಕೆ ಈ ಹೆಸರು ಬಂದಿರುತ್ತದೆ. 1847ರಲ್ಲಿ ಜರ್ಮನಿಯ ಯೂಸ್ಟಸ್ ಫಾನ್ ಲೀಬಿಗ್ ಅವರು, ಕೂಡಿಹಾಕಿ ಸಾಕಿದ ನರಿಗಳಿಗಿಂತ ಬೇಟೆಯಲ್ಲಿ ಓಡಿ ಸತ್ತ ಕಾಡು ನರಿಗಳ ಮಾಂಸದಲ್ಲಿ ಕ್ರಿಯಾಟಿನ್ ಬಹಳ ಹೆಚ್ಚಾಗಿರುವುದನ್ನು ಗಮನಿಸಿ, ಇದಕ್ಕೂ ಸ್ನಾಯುಗಳ ಕೆಲಸಕ್ಕೂ ಸಂಬಂಧವಿದೆ ಎಂದು ಸೂಚಿಸಿದರು.

ಆರ್ಜಿನಿನ್, ಗ್ಲೈಸಿನ್ ಮತ್ತು ಮಿಥಿಯೋನಿನ್ ಎಂಬ ಮೂರು ಅಮೈನೊ ಆಮ್ಲಗಳಿಂದ, ಮುಖ್ಯವಾಗಿ ಮೂತ್ರಪಿಂಡ ಮತ್ತು ಯಕೃತ್ತಿನಲ್ಲಿ, ದೇಹವು ಕ್ರಿಯಾಟಿನ್ ಅನ್ನು ತಯಾರಿಸಿಕೊಳ್ಳುತ್ತದೆ. ದೇಹದಲ್ಲಿರುವ ಒಟ್ಟು ಕ್ರಿಯಾಟಿನ್‌ನ ಸುಮಾರು ಶೇ. 95ರಷ್ಟು ಭಾಗ ಸ್ನಾಯುಗಳಲ್ಲಿ ಸಂಗ್ರಹವಾಗಿರುತ್ತದೆ. ಉಳಿದದ್ದು ಮೆದುಳು ಮೊದಲಾದ ಅಂಗಗಳಲ್ಲಿರುತ್ತದೆ.

ದೇಹದಲ್ಲಿನ ಕ್ರಿಯಾಟಿನ್‌ನ ಲೆಕ್ಕವನ್ನು ಜಮಾ-ಖರ್ಚಿನ ಪಟ್ಟಿಯಂತೆ ನೋಡಿದರೆ ವಿಷಯ ಸುಲಭವಾಗಿ ತಿಳಿಯುತ್ತದೆ. ಸುಮಾರು 70 ಕಿಲೋಗ್ರಾಂ ತೂಕದ, ಮಾಂಸಾಹಾರ ಸೇವಿಸುವ ವಯಸ್ಕರೊಬ್ಬರ ಸರಾಸರಿ ಲೆಕ್ಕ ಹೀಗಿರುತ್ತದೆ.

- ದೇಹದಲ್ಲಿರುವ ಒಟ್ಟು ಸಂಗ್ರಹ: ಸುಮಾರು 120 ಗ್ರಾಂ
- ದಿನಕ್ಕೆ ದೇಹವೇ ತಯಾರಿಸುವ ಪ್ರಮಾಣ: ಸುಮಾರು 1 ಗ್ರಾಂ
- ದಿನಕ್ಕೆ ಆಹಾರದಿಂದ ದೊರೆಯುವ ಪ್ರಮಾಣ: ಸುಮಾರು 1 ಗ್ರಾಂ
- ದಿನಕ್ಕೆ ಕ್ರಿಯಾಟಿನಿನ್ ಆಗಿ ಮಾರ್ಪಟ್ಟು ಮೂತ್ರದ ಮೂಲಕ ಹೊರಹೋಗುವ ಪ್ರಮಾಣ: ಸುಮಾರು 2 ಗ್ರಾಂ

ಇಲ್ಲಿ ಎರಡು ಪದಗಳ ವ್ಯತ್ಯಾಸವನ್ನು ಗಮನಿಸತಕ್ಕದ್ದು. 'ಕ್ರಿಯಾಟಿನ್' ಎಂಬುದು ಸ್ನಾಯುವಿಗೆ ಉಪಯುಕ್ತವಾದ ವಸ್ತು. 'ಕ್ರಿಯಾಟಿನಿನ್' ಎಂಬುದು ಅದು ಬಳಕೆಯಾಗುವಾಗ ಉಳಿಯುವ ತ್ಯಾಜ್ಯ. ರಕ್ತಪರೀಕ್ಷೆಯ ವರದಿಯಲ್ಲಿ ನಮೂದಾಗುವುದು ಎರಡನೆಯದು. ಈ ಎರಡು ಹೆಸರುಗಳ ಹೋಲಿಕೆಯಿಂದಲೇ ಹಲವು ತಪ್ಪು ಕಲ್ಪನೆಗಳು ಹುಟ್ಟಿಕೊಂಡಿವೆ. ಈ ಬಗ್ಗೆ ಕಂಡಿಕೆ 6ರಲ್ಲಿ ಪ್ರತ್ಯೇಕವಾಗಿ ವಿವರಿಸಲಾಗಿದೆ.

ಕ್ರಿಯಾಟಿನ್ ಸ್ಟೀರಾಯ್ಡ್ ಅಲ್ಲ. ಅದು ಹಾರ್ಮೋನ್ ಸಹ ಅಲ್ಲ. ಭಾರ ಎತ್ತುವುದು, ವೇಗದ ಓಟ ಮುಂತಾದ ಅಲ್ಪಾವಧಿಯ ತೀವ್ರ ಶ್ರಮದ ಮೊದಲ ಕೆಲವು ಸೆಕೆಂಡುಗಳಲ್ಲಿ ಸ್ನಾಯುವಿಗೆ ಬೇಕಾದ ಶಕ್ತಿಯನ್ನು ಮರುಪೂರಣ ಮಾಡುವುದು ಇದರ ಕೆಲಸ.

3. ಆಹಾರದಲ್ಲಿ ಕ್ರಿಯಾಟಿನ್

ಮೀನು ಮತ್ತು ಕೆಂಪು ಮಾಂಸದಲ್ಲಿ ಹಸಿಯಾಗಿರುವಾಗ ಕಿಲೋಗ್ರಾಂಗೆ ಸುಮಾರು 4ರಿಂದ 5 ಗ್ರಾಂ ಕ್ರಿಯಾಟಿನ್ ಇರುತ್ತದೆ. ಹಾಲಿನಲ್ಲಿ ಇದರ ಪ್ರಮಾಣ ಅತ್ಯಲ್ಪ. ರಾಗಿ, ಜೋಳ, ಬೇಳೆಕಾಳು, ತರಕಾರಿ ಮತ್ತು ಹಣ್ಣುಗಳಲ್ಲಿ ಇದು ಇಲ್ಲವೆಂದೇ ಹೇಳಬಹುದು. ಆದ್ದರಿಂದ ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಕ್ರಿಯಾಟಿನ್ ಸಂಗ್ರಹವು ಮಾಂಸಾಹಾರಿಗಳಿಗಿಂತ ಕಡಿಮೆಯಿರುತ್ತದೆ. ಇದು ಕಾಯಿಲೆಯಲ್ಲ, ಕೊರತೆಯೂ ಅಲ್ಲ. ದೈನಂದಿನ ಜೀವನಕ್ಕೆ ದೇಹ ತಯಾರಿಸಿಕೊಳ್ಳುವ ಪ್ರಮಾಣವೇ ಸಾಕಾಗುತ್ತದೆ. ಆದರೆ ಪೂರಕ ಸೇವಿಸಿದಾಗ ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಹೆಚ್ಚಳವು ಹೆಚ್ಚು ಎದ್ದು ಕಾಣುತ್ತದೆ. ಮೊದಲೇ ಸಂಗ್ರಹ ತುಂಬಿರುವವರಲ್ಲಿ ಹೆಚ್ಚಳ ಅಲ್ಪವಾಗಿರುತ್ತದೆ.

ಪುಡಿಯ ರೂಪದ ಕ್ರಿಯಾಟಿನ್ ಅನ್ನು ಮಾಂಸದಿಂದ ತೆಗೆಯುವುದಿಲ್ಲ. ಅದನ್ನು ಕಾರ್ಖಾನೆಗಳಲ್ಲಿ ರಾಸಾಯನಿಕ ವಿಧಾನದಿಂದ ತಯಾರಿಸಲಾಗುತ್ತದೆ. ಆದಾಗ್ಯೂ, ಕ್ಯಾಪ್ಸೂಲ್ ರೂಪದ ಉತ್ಪನ್ನದ ಹೊರಕವಚವು ಪ್ರಾಣಿಜನ್ಯ ಜೆಲಾಟಿನ್‌ನಿಂದ ತಯಾರಾಗಿರಬಹುದು. ಸಸ್ಯಾಹಾರಿಗಳು ಡಬ್ಬಿಯ ಮೇಲಿನ ಹಸಿರು ಗುರುತನ್ನು ನೋಡಿ ಖರೀದಿಸುವುದು ಸೂಕ್ತ.

4. ಪ್ರಯೋಜನ ಮತ್ತು ಅದರ ಮಿತಿ

ಪೂರಕವಾಗಿ ಕ್ರಿಯಾಟಿನ್ ಬಳಕೆಯು 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದ ನಂತರ ವ್ಯಾಪಕವಾಯಿತು. ರೋಜರ್ ಹ್ಯಾರಿಸ್ ಮತ್ತು ಸಹೋದ್ಯೋಗಿಗಳು ನಡೆಸಿದ ಆ ಅಧ್ಯಯನದಲ್ಲಿ, ಬಾಯಿಯ ಮೂಲಕ ಸೇವಿಸಿದ ಕ್ರಿಯಾಟಿನ್ ಸ್ನಾಯುಗಳಲ್ಲಿನ ಸಂಗ್ರಹವನ್ನು ಹೆಚ್ಚಿಸುತ್ತದೆ ಎಂಬುದು ದೃಢಪಟ್ಟಿತು.

ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2011ರಲ್ಲಿ, ದಿನಕ್ಕೆ 3 ಗ್ರಾಂ ಕ್ರಿಯಾಟಿನ್ ಸೇವನೆಯು ಪುನರಾವರ್ತಿತ ಅಲ್ಪಾವಧಿಯ ತೀವ್ರ ವ್ಯಾಯಾಮದಲ್ಲಿ ಸಾಮರ್ಥ್ಯವನ್ನು ಹೆಚ್ಚಿಸುತ್ತದೆ ಎಂಬ ಹೇಳಿಕೆಯನ್ನು ಒಪ್ಪಿಕೊಂಡಿತು. ಅದೇ ಪ್ರಾಧಿಕಾರವು 2024ರಲ್ಲಿ, ಕ್ರಿಯಾಟಿನ್ ಬುದ್ಧಿಶಕ್ತಿಯನ್ನು ಹೆಚ್ಚಿಸುತ್ತದೆ ಎಂಬ ಹೇಳಿಕೆಗೆ ಸಾಕಷ್ಟು ಆಧಾರವಿಲ್ಲವೆಂದು ತಿಳಿಸಿತು. ಜಾಹೀರಾತುಗಳನ್ನು ನಂಬುವ ಮುನ್ನ ಈ ವ್ಯತ್ಯಾಸವನ್ನು ಗಮನದಲ್ಲಿಡಬೇಕು.

ಕುಸ್ತಿ, ಕಬಡ್ಡಿ, ಭಾರ ಎತ್ತುವಿಕೆ, 100 ಮೀಟರ್ ಓಟ ಮುಂತಾದ ಕ್ರೀಡೆಗಳಲ್ಲಿ ಇದರಿಂದ ಸ್ವಲ್ಪ ಅನುಕೂಲವಾಗಬಹುದು. ದೂರದ ಓಟದಲ್ಲಿ ಹೇಳಿಕೊಳ್ಳುವಂತಹ ಪ್ರಯೋಜನವಿಲ್ಲ. ದೇಹದ ತೂಕ ಹೆಚ್ಚುವುದರಿಂದ ತೊಂದರೆಯೇ ಆಗಬಹುದು. ಅಭ್ಯಾಸವಿಲ್ಲದೆ ಕೇವಲ ಪುಡಿ ಸೇವಿಸುವುದರಿಂದ ಮೈಕಟ್ಟು ಬೆಳೆಯುವುದಿಲ್ಲ.

5. ಸಾಮಾನ್ಯ ಅಡ್ಡಪರಿಣಾಮಗಳು

(ಅ) ತೂಕ ಹೆಚ್ಚಳ: ಇದು ಅತ್ಯಂತ ಸಾಮಾನ್ಯವಾದ ಪರಿಣಾಮ. ದಿನಕ್ಕೆ 20 ಗ್ರಾಂನಂತಹ ಹೆಚ್ಚಿನ ಪ್ರಮಾಣ ಸೇವಿಸಿದ ಮೊದಲ ವಾರದಲ್ಲಿ 1ರಿಂದ 2 ಕಿಲೋಗ್ರಾಂ ತೂಕ ಹೆಚ್ಚಬಹುದು. ಸ್ನಾಯುಗಳಲ್ಲಿ ಕ್ರಿಯಾಟಿನ್‌ನೊಂದಿಗೆ ನೀರೂ ಸೇರುವುದೇ ಇದಕ್ಕೆ ಕಾರಣ. ಇದು ಕೊಬ್ಬಿನ ಹೆಚ್ಚಳವಲ್ಲ. ತೂಕದ ವರ್ಗಗಳಲ್ಲಿ ಸ್ಪರ್ಧಿಸುವ ಕುಸ್ತಿಪಟುಗಳು, ಬಾಕ್ಸಿಂಗ್ ಪಟುಗಳು ಸ್ಪರ್ಧೆಯ ಹತ್ತಿರದ ದಿನಗಳಲ್ಲಿ ಇದನ್ನು ಗಮನದಲ್ಲಿಡಬೇಕು.

(ಆ) ಹೊಟ್ಟೆಯ ತೊಂದರೆ: ಹೊಟ್ಟೆ ಉಬ್ಬರ, ವಾಕರಿಕೆ, ಭೇದಿ ಕೆಲವರಲ್ಲಿ ಕಂಡುಬರುತ್ತವೆ. ಒಂದೇ ಬಾರಿಗೆ 10 ಗ್ರಾಂ ಸೇವಿಸಿದವರಲ್ಲಿ ಭೇದಿಯು 5 ಗ್ರಾಂನಂತೆ ಬೇರೆ ಬೇರೆ ಹೊತ್ತಿನಲ್ಲಿ ಸೇವಿಸಿದವರಿಗಿಂತ ಹೆಚ್ಚಾಗಿ ಕಂಡುಬಂದಿದೆ. ಪ್ರಮಾಣವನ್ನು ಕಡಿಮೆ ಮಾಡಿ, ಊಟದ ನಂತರ, ಸಾಕಷ್ಟು ನೀರಿನಲ್ಲಿ ಕದಡಿ ಸೇವಿಸಿದರೆ ಈ ತೊಂದರೆ ಬಹುತೇಕ ನಿವಾರಣೆಯಾಗುತ್ತದೆ. ಒಣ ಪುಡಿಯನ್ನು ನೇರವಾಗಿ ಬಾಯಿಗೆ ಹಾಕಿಕೊಳ್ಳುವ ರೂಢಿಯು ಅಪಾಯಕಾರಿ. ಪುಡಿ ಶ್ವಾಸನಾಳಕ್ಕೆ ಸೇರಿ ಉಸಿರು ಕಟ್ಟುವ ಸಂಭವವಿರುತ್ತದೆ.

(ಇ) ಮಾಂಸಖಂಡಗಳ ಸೆಳೆತ ಮತ್ತು ನಿರ್ಜಲೀಕರಣ: ಕ್ರಿಯಾಟಿನ್ ಸೇವಿಸುವವರಲ್ಲಿ ಸೆಳೆತ ಮತ್ತು ನಿರ್ಜಲೀಕರಣ ಹೆಚ್ಚು ಎಂಬ ಭಾವನೆ ಬಹುಕಾಲದಿಂದ ಇದೆ. ಅಮೆರಿಕದ ಕಾಲೇಜು ಫುಟ್‌ಬಾಲ್ ಆಟಗಾರರ ಮೇಲೆ ನಡೆಸಿದ ಹಾಗೂ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೇವಿಸಿದವರಲ್ಲಿ ಇಂತಹ ತೊಂದರೆಗಳು ಸೇವಿಸದವರಿಗಿಂತ ಹೆಚ್ಚಾಗಿರಲಿಲ್ಲ. ಆದರೂ ರಾಯಚೂರು, ಕಲಬುರಗಿ, ಬಳ್ಳಾರಿ ಮೊದಲಾದ ಜಿಲ್ಲೆಗಳ ಬೇಸಿಗೆಯಲ್ಲಿ ಅಭ್ಯಾಸ ಮಾಡುವವರು, ಕ್ರಿಯಾಟಿನ್ ಸೇವಿಸಲಿ ಬಿಡಲಿ, ಬೆಳಗಿನ ಅಥವಾ ಸಂಜೆಯ ತಂಪು ಹೊತ್ತಿನಲ್ಲಿ ಅಭ್ಯಾಸ ಮಾಡುವುದು ಮತ್ತು ಸಾಕಷ್ಟು ನೀರು ಕುಡಿಯುವುದು ಅವಶ್ಯ.

(ಈ) ಕೂದಲು ಉದುರುವಿಕೆ: ಈ ಆತಂಕಕ್ಕೆ ಮೂಲವು 2009ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾದ ಒಂದು ಸಣ್ಣ ಅಧ್ಯಯನ. ಅದರಲ್ಲಿ ಕಾಲೇಜು ರಗ್ಬಿ ಆಟಗಾರರಿಗೆ ಒಂದು ವಾರ ಹೆಚ್ಚಿನ ಪ್ರಮಾಣದ ಕ್ರಿಯಾಟಿನ್ ನೀಡಿದಾಗ, ಬೋಳುತಲೆಗೆ ಸಂಬಂಧಿಸಿದ ಡೈಹೈಡ್ರೋಟೆಸ್ಟೋಸ್ಟಿರಾನ್ ಎಂಬ ಹಾರ್ಮೋನ್ ಶೇ. 56ರಷ್ಟು ಹೆಚ್ಚಿತು. ಆದರೆ ಆ ಅಧ್ಯಯನದಲ್ಲಿ ಕೂದಲನ್ನು ಪರೀಕ್ಷಿಸಿರಲೇ ಇಲ್ಲ. 2025ರಲ್ಲಿ ಪ್ರಕಟವಾದ ಇರಾನಿನ ಅಧ್ಯಯನದಲ್ಲಿ ದಿನಕ್ಕೆ 5 ಗ್ರಾಂನಂತೆ 12 ವಾರ ಸೇವಿಸಿದವರ ಕೂದಲನ್ನೇ ನೇರವಾಗಿ ಪರೀಕ್ಷಿಸಲಾಯಿತು. ಸೇವಿಸಿದವರಿಗೂ ಸೇವಿಸದವರಿಗೂ ಹಾರ್ಮೋನ್ ಪ್ರಮಾಣದಲ್ಲಾಗಲೀ ಕೂದಲಿನ ಬೆಳವಣಿಗೆಯಲ್ಲಾಗಲೀ ವ್ಯತ್ಯಾಸ ಕಂಡುಬರಲಿಲ್ಲ.

6. ಮೂತ್ರಪಿಂಡ ಮತ್ತು ಕ್ರಿಯಾಟಿನ್

ಸಾರ್ವಜನಿಕರಲ್ಲಿ ಅತಿ ಹೆಚ್ಚು ಆತಂಕವಿರುವುದು ಈ ವಿಷಯದಲ್ಲಿ. ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ವಿವರಿಸಲಾಗಿದೆ.

6.1 ಆತಂಕದ ಮೂಲ

1998ರಲ್ಲಿ ಬ್ರಿಟನ್ನಿನ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಒಬ್ಬ ಯುವಕನ ಪ್ರಕರಣ ಪ್ರಕಟವಾಯಿತು. ಕ್ರಿಯಾಟಿನ್ ಸೇವಿಸತೊಡಗಿದ ನಂತರ ಆತನ ಮೂತ್ರಪಿಂಡದ ಕಾರ್ಯಕ್ಷಮತೆ ಇಳಿದಂತೆ ಕಂಡುಬಂದು, ಸೇವನೆ ನಿಲ್ಲಿಸಿದ ನಂತರ ಚೇತರಿಸಿತು. ಈ ವರದಿಯು ವ್ಯಾಪಕ ಪ್ರಚಾರ ಪಡೆಯಿತು. ಆದರೆ ಆ ಯುವಕನಿಗೆ ಹಲವು ವರ್ಷಗಳಿಂದಲೇ ಮೂತ್ರಪಿಂಡದ ಕಾಯಿಲೆಯಿತ್ತು ಹಾಗೂ ಮೂತ್ರಪಿಂಡದ ಮೇಲೆ ಪರಿಣಾಮ ಬೀರಬಲ್ಲ ಸೈಕ್ಲೋಸ್ಪೋರಿನ್ ಔಷಧವನ್ನು ಆತ ಸೇವಿಸುತ್ತಿದ್ದ ಎಂಬ ಅಂಶವು ಅಷ್ಟೇ ಪ್ರಚಾರ ಪಡೆಯಲಿಲ್ಲ. ಈ ಪ್ರಕರಣದಿಂದ ತಿಳಿಯಬೇಕಾದದ್ದು, ಮೂತ್ರಪಿಂಡದ ಕಾಯಿಲೆಯುಳ್ಳವರು ಕ್ರಿಯಾಟಿನ್‌ನಿಂದ ದೂರವಿರಬೇಕು ಎಂಬುದು. ಆರೋಗ್ಯವಂತರ ಮೂತ್ರಪಿಂಡವೂ ಕೆಡುತ್ತದೆ ಎಂಬುದಕ್ಕೆ ಅದು ಆಧಾರವಾಗುವುದಿಲ್ಲ.

6.2 ನಂತರದ ಅಧ್ಯಯನಗಳು

1999ರಲ್ಲಿ ಬೆಲ್ಜಿಯಂನ ಸಂಶೋಧಕರು, ಹಲವು ತಿಂಗಳುಗಳಿಂದ ವರ್ಷಗಳವರೆಗೆ ಕ್ರಿಯಾಟಿನ್ ಸೇವಿಸಿದ ಆರೋಗ್ಯವಂತ ಕ್ರೀಡಾಪಟುಗಳನ್ನು ಪರೀಕ್ಷಿಸಿ, ಮೂತ್ರಪಿಂಡಕ್ಕೆ ಹಾನಿಯಾಗಿರುವುದಿಲ್ಲವೆಂದು ವರದಿ ಮಾಡಿದರು. 2003ರಲ್ಲಿ ಪ್ರಕಟವಾದ, 21 ತಿಂಗಳ ಅವಧಿಯ ಅಮೆರಿಕದ ಅಧ್ಯಯನದಲ್ಲಿಯೂ ಹಾನಿಯ ಸೂಚನೆ ದೊರೆಯಲಿಲ್ಲ.

ದೊಡ್ಡ ಪ್ರಮಾಣದ ಮಾಹಿತಿಯು ಕ್ರೀಡಾಕ್ಷೇತ್ರದ ಹೊರಗಿನಿಂದ ದೊರೆತಿರುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ ಕ್ರಿಯಾಟಿನ್ ಉಪಯುಕ್ತವೇ ಎಂದು ತಿಳಿಯಲು ಅಮೆರಿಕ ಮತ್ತು ಕೆನಡಾದಲ್ಲಿ 1,741 ರೋಗಿಗಳನ್ನು ಸೇರಿಸಿಕೊಂಡು, ದಿನಕ್ಕೆ 10 ಗ್ರಾಂನಂತೆ ಕನಿಷ್ಠ 5 ವರ್ಷ ನೀಡಿ ಪರಿಶೀಲಿಸಲು ಯೋಜಿಸಲಾಗಿತ್ತು. ಕಾಯಿಲೆಗೆ ಪ್ರಯೋಜನ ಕಾಣದ ಕಾರಣ 2013ರಲ್ಲಿ ಅದನ್ನು ಅವಧಿಗೆ ಮುನ್ನ ನಿಲ್ಲಿಸಲಾಯಿತು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಔಷಧವಾಗಿ ಕ್ರಿಯಾಟಿನ್ ಸೋತರೂ, ವಯಸ್ಸಾದ ರೋಗಿಗಳಲ್ಲಿಯೂ ಅದರಿಂದ ಸುರಕ್ಷತೆಯ ಗಂಭೀರ ಸಮಸ್ಯೆ ಕಂಡುಬರಲಿಲ್ಲ ಎಂಬುದು ಈ ಪರಿಶೀಲನೆಯಿಂದ ತಿಳಿದುಬಂದ ಮುಖ್ಯ ಅಂಶ. ಅಂತರರಾಷ್ಟ್ರೀಯ ಕ್ರೀಡಾ ಪೌಷ್ಟಿಕತಾ ಸಂಸ್ಥೆಯು 2017ರ ತನ್ನ ನಿಲುವಿನಲ್ಲಿ ಕ್ರಿಯಾಟಿನ್ ಮಾನೋಹೈಡ್ರೇಟ್ ಆರೋಗ್ಯವಂತರಿಗೆ ಸುರಕ್ಷಿತವೆಂದು ತಿಳಿಸಿರುತ್ತದೆ.

6.3 ರಕ್ತಪರೀಕ್ಷೆಯ ವರದಿಯಲ್ಲಿ ಆಗಬಹುದಾದ ಗೊಂದಲ

ಮೂತ್ರಪಿಂಡವು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ರಕ್ತದಲ್ಲಿನ ಕ್ರಿಯಾಟಿನಿನ್ ಪ್ರಮಾಣವನ್ನು ಅಳೆಯಲಾಗುತ್ತದೆ. ಮೂತ್ರಪಿಂಡ ಕೆಟ್ಟಾಗ ಈ ತ್ಯಾಜ್ಯವು ಹೊರಹೋಗದೆ ರಕ್ತದಲ್ಲಿ ಹೆಚ್ಚುತ್ತದೆ. ಆದರೆ ಕ್ರಿಯಾಟಿನ್ ಸೇವಿಸುವವರಲ್ಲಿ, ಸ್ನಾಯು ಹೆಚ್ಚಿರುವವರಲ್ಲಿ ಹಾಗೂ ಮಾಂಸಾಹಾರ ಹೆಚ್ಚಾಗಿ ಸೇವಿಸುವವರಲ್ಲಿ ಮೂತ್ರಪಿಂಡ ಸರಿಯಾಗಿದ್ದರೂ ಕ್ರಿಯಾಟಿನಿನ್ ಸ್ವಲ್ಪ ಹೆಚ್ಚಾಗಿರಬಹುದು. ಜಮೆ ಹೆಚ್ಚಾದಾಗ ಖರ್ಚೂ ಹೆಚ್ಚಾಗುವುದು ಇಲ್ಲಿನ ಕಾರಣವೇ ಹೊರತು, ಹೊರಹೋಗುವ ದಾರಿ ಮುಚ್ಚಿಹೋಗಿರುವುದಿಲ್ಲ.

ಪ್ರಯೋಗಾಲಯಗಳು ಈ ಸಂಖ್ಯೆಯನ್ನು ಸೂತ್ರವೊಂದಕ್ಕೆ ಅಳವಡಿಸಿ ಮೂತ್ರಪಿಂಡದ ಸೋಸುವಿಕೆಯ ಅಂದಾಜು ದರವನ್ನು ಲೆಕ್ಕ ಹಾಕುತ್ತವೆ. ಉದಾಹರಣೆಗೆ, 25 ವರ್ಷದ ಪುರುಷರಿಗೆ ಸಂಬಂಧಿಸಿದಂತೆ 2021ರ ಸೂತ್ರದ ಪ್ರಕಾರ ಲೆಕ್ಕ ಹೀಗಿರುತ್ತದೆ.

- ಕ್ರಿಯಾಟಿನಿನ್ 1.0 ಮಿಲಿಗ್ರಾಂ ಇದ್ದಾಗ ಅಂದಾಜು ದರ: ಸುಮಾರು 107
- ಕ್ರಿಯಾಟಿನಿನ್ 1.2 ಮಿಲಿಗ್ರಾಂ ಇದ್ದಾಗ ಅಂದಾಜು ದರ: ಸುಮಾರು 86

ಕೇವಲ 0.2ರ ವ್ಯತ್ಯಾಸದಿಂದ ಅಂದಾಜು ದರವು 21ರಷ್ಟು ಇಳಿದಂತೆ ಕಾಣುತ್ತದೆ. ವಾಸ್ತವದಲ್ಲಿ ಮೂತ್ರಪಿಂಡಕ್ಕೆ ಏನೂ ಆಗಿರದೆಯೂ ಇರಬಹುದು. ಈ ವಿಷಯ ತಿಳಿಯದ ಕಾರಣ ಆರೋಗ್ಯವಂತರು ವಿನಾಕಾರಣ ಭಯಪಡುವ ಸಾಧ್ಯತೆಯಿದೆ. ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. 'ಪುಡಿ ತೆಗೆದುಕೊಳ್ಳುತ್ತಿದ್ದೇನೆ, ಅದಕ್ಕೇ ಹೆಚ್ಚಾಗಿದೆ' ಎಂದು ತಾವೇ ತೀರ್ಮಾನಿಸಿ ವರದಿಯನ್ನು ಕಡೆಗಣಿಸಿದರೆ, ನಿಜವಾದ ಕಾಯಿಲೆಯೊಂದು ಪತ್ತೆಯಾಗದೆ ಉಳಿಯಬಹುದು. ಮೂತ್ರಪಿಂಡದ ಕಾಯಿಲೆಯು ಆರಂಭದ ಹಂತದಲ್ಲಿ ಯಾವ ಲಕ್ಷಣವನ್ನೂ ತೋರದಿರಬಹುದಾದ ಕಾರಣ ಈ ಎಚ್ಚರಿಕೆ ಅತ್ಯಗತ್ಯ.

ಆದ್ದರಿಂದ ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಸೂಕ್ತ.

- ರಕ್ತಪರೀಕ್ಷೆಗೆ ಮುನ್ನ, ಕ್ರಿಯಾಟಿನ್ ಸೇವಿಸುತ್ತಿರುವ ವಿಷಯವನ್ನು ಹಾಗೂ ಅದರ ಪ್ರಮಾಣವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.
- ವರದಿಯಲ್ಲಿ ಕ್ರಿಯಾಟಿನಿನ್ ಹೆಚ್ಚಾಗಿದ್ದರೆ ಸೇವನೆಯನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಸ್ನಾಯುಗಳಲ್ಲಿನ ಹೆಚ್ಚುವರಿ ಸಂಗ್ರಹ ಇಳಿಯಲು 4ರಿಂದ 6 ವಾರಗಳು ಬೇಕಾಗುವುದರಿಂದ, ಮರುಪರೀಕ್ಷೆ ಯಾವಾಗ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.
- ಸಂದೇಹವಿದ್ದಲ್ಲಿ ಸಿಸ್ಟಾಟಿನ್-ಸಿ ಎಂಬ ರಕ್ತಪರೀಕ್ಷೆ ಹಾಗೂ ಮೂತ್ರದಲ್ಲಿನ ಅಲ್ಬುಮಿನ್ ಪರೀಕ್ಷೆಯಿಂದ ನಿಜಸ್ಥಿತಿ ತಿಳಿಯಲು ಸಹಾಯವಾಗುತ್ತದೆ. ಸಿಸ್ಟಾಟಿನ್-ಸಿ ಪ್ರಮಾಣವು ಕ್ರಿಯಾಟಿನ್ ಸೇವನೆಯನ್ನು ಅವಲಂಬಿಸಿರುವುದಿಲ್ಲ.

7. 1997ರ ಕುಸ್ತಿಪಟುಗಳ ಸಾವು: ಒಂದು ಪಾಠ

1997ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಅಮೆರಿಕದ ಮೂರು ವಿಶ್ವವಿದ್ಯಾಲಯಗಳ ಮೂವರು ಕುಸ್ತಿಪಟುಗಳು ಅಭ್ಯಾಸದ ವೇಳೆ ಮೃತಪಟ್ಟರು. ಆರಂಭದಲ್ಲಿ ಸಂಶಯವು ಕ್ರಿಯಾಟಿನ್ ಮೇಲೆ ಬಿದ್ದಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 1998ರ ಫೆಬ್ರುವರಿಯಲ್ಲಿ ಪ್ರಕಟಿಸಿದ ವರದಿಯಿಂದ ಬೇರೆಯೇ ಕಾರಣ ತಿಳಿದುಬಂದಿತು. ತಮ್ಮ ತೂಕದ ವರ್ಗಕ್ಕೆ ಇಳಿಯುವ ಸಲುವಾಗಿ ಅವರು ಆಹಾರ ಮತ್ತು ನೀರನ್ನು ಮಿತಗೊಳಿಸಿ, ಬೆವರಿನ ಆವಿ ಹೊರಹೋಗದಂತಹ ಉಡುಪು ಧರಿಸಿ, ಬಿಸಿಯಾದ ಸ್ಥಳದಲ್ಲಿ ತೀವ್ರ ವ್ಯಾಯಾಮ ಮಾಡುತ್ತಿದ್ದರು. ನಿರ್ಜಲೀಕರಣ ಮತ್ತು ದೇಹದ ಉಷ್ಣತೆಯ ಏರಿಕೆ ಅವರ ಸಾವಿಗೆ ಕಾರಣವಾಗಿತ್ತು.

ಕುಸ್ತಿಯ ದೀರ್ಘ ಪರಂಪರೆಯಿರುವ ಕರ್ನಾಟಕಕ್ಕೂ ಈ ಪಾಠ ಅನ್ವಯಿಸುತ್ತದೆ. ನೀರು ಬಿಟ್ಟು, ಬೆವರು ಸುರಿಸಿ, ಒಂದೆರಡು ದಿನಗಳಲ್ಲಿ ತೂಕ ಇಳಿಸುವ ಪದ್ಧತಿಯು ಪ್ರಾಣಾಪಾಯಕಾರಿಯಾಗಿದ್ದು, ಯಾವ ತರಬೇತುದಾರರೂ ಇದನ್ನು ಪ್ರೋತ್ಸಾಹಿಸಬಾರದು. ಹೆಚ್ಚಿನ ಪ್ರಮಾಣದ ಕ್ರಿಯಾಟಿನ್‌ನಿಂದ ತೂಕ ಹೆಚ್ಚಿಸಿಕೊಂಡು, ನಂತರ ಅದನ್ನು ಇಳಿಸಲು ನೀರು ಬಿಡುವುದು ಇನ್ನೂ ಹೆಚ್ಚಿನ ತಪ್ಪು.

8. ಯಾರು ಸೇವಿಸಬಾರದು?

ಕೆಳಕಂಡವರು ವೈದ್ಯರ ಲಿಖಿತ ಸಲಹೆಯಿಲ್ಲದೆ ಕ್ರಿಯಾಟಿನ್ ಪೂರಕ ಸೇವಿಸಬಾರದು.

1. ಮೂತ್ರಪಿಂಡದ ಕಾಯಿಲೆಯುಳ್ಳವರು, ಒಂದೇ ಮೂತ್ರಪಿಂಡ ಹೊಂದಿರುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು.
2. ಮಧುಮೇಹ ಅಥವಾ ಅಧಿಕ ರಕ್ತದೊತ್ತಡ ಇರುವವರು. ಈ ಕಾಯಿಲೆಗಳು ಮೂತ್ರಪಿಂಡವನ್ನು ನಿಧಾನವಾಗಿ ಹಾಳುಮಾಡುವ ಸಂಭವವಿರುವುದರಿಂದ ಮೊದಲು ಪರೀಕ್ಷೆ ಮಾಡಿಸಿಕೊಳ್ಳಬೇಕು.
3. ಯಕೃತ್ತಿನ ಕಾಯಿಲೆಯುಳ್ಳವರು.
4. ನೋವು ನಿವಾರಕ ಮಾತ್ರೆಗಳನ್ನು ದೀರ್ಘಕಾಲ ಸೇವಿಸುವವರು, ಮೂತ್ರ ಹೆಚ್ಚಿಸುವ ಔಷಧ ಸೇವಿಸುವವರು, ಮೂತ್ರಪಿಂಡದ ಮೇಲೆ ಪರಿಣಾಮ ಬೀರುವ ಇತರ ಔಷಧ ಸೇವಿಸುವವರು.
5. ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು. ಇವರ ಬಗ್ಗೆ ಸಾಕಷ್ಟು ಅಧ್ಯಯನಗಳು ನಡೆದಿರುವುದಿಲ್ಲ.
6. ಬೈಪೋಲಾರ್ ಎಂಬ ಮಾನಸಿಕ ಕಾಯಿಲೆಯುಳ್ಳವರು. ಉನ್ಮಾದದ ಲಕ್ಷಣಗಳು ಕಾಣಿಸಿಕೊಂಡ ಕೆಲವು ಪ್ರಕರಣಗಳು ವರದಿಯಾಗಿರುತ್ತವೆ.
7. 18 ವರ್ಷದೊಳಗಿನವರು. ಅಮೆರಿಕದ ಕ್ರೀಡಾ ವೈದ್ಯಕೀಯ ಸಂಸ್ಥೆಯು 2000ದಲ್ಲಿ ಈ ವಯೋಮಾನದವರಿಗೆ ಕ್ರಿಯಾಟಿನ್ ಸೂಕ್ತವಲ್ಲವೆಂದು ತಿಳಿಸಿತ್ತು. ನಂತರದ ಸಣ್ಣ ಅಧ್ಯಯನಗಳಲ್ಲಿ ಹಾನಿ ಕಂಡುಬಂದಿಲ್ಲವಾದರೂ ಬೆಳೆಯುವ ಮಕ್ಕಳಲ್ಲಿ ದೀರ್ಘಾವಧಿಯ ಮಾಹಿತಿ ಸಾಲದು.

ಪ್ರೌಢಶಾಲೆ ಹಾಗೂ ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿಗಳಿಗೆ ಹಾಲು, ಮೊಟ್ಟೆ, ಬೇಳೆಕಾಳು, ಶೇಂಗಾ, ರಾಗಿ ಮುಂತಾದವುಗಳುಳ್ಳ ಸಮತೋಲನ ಆಹಾರ, ಸಾಕಷ್ಟು ನಿದ್ರೆ ಮತ್ತು ಕ್ರಮಬದ್ಧ ಅಭ್ಯಾಸವೇ ಅಗತ್ಯ. ಜನ್ಮತಃ ಕ್ರಿಯಾಟಿನ್ ಕೊರತೆಯಿರುವ ಅಪರೂಪದ ಕಾಯಿಲೆಗಳಲ್ಲಿ ಮಕ್ಕಳಿಗೆ ತಜ್ಞ ವೈದ್ಯರು ಇದನ್ನು ಔಷಧವಾಗಿ ನೀಡುವುದುಂಟು. ಅದು ಬೇರೆಯೇ ವಿಷಯ.

9. ಪ್ರಮಾಣ ಮತ್ತು ಸೇವನೆಯ ವಿಧಾನ

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 3ರಿಂದ 5 ಗ್ರಾಂ ಸಾಕಾಗುತ್ತದೆ. ಮೊದಲ 5ರಿಂದ 7 ದಿನ ದಿನಕ್ಕೆ 20 ಗ್ರಾಂ ಸೇವಿಸುವ 'ಲೋಡಿಂಗ್' ಪದ್ಧತಿಯು ಕಡ್ಡಾಯವಲ್ಲ. 1996ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ದಿನಕ್ಕೆ 20 ಗ್ರಾಂನಂತೆ 6 ದಿನ ಸೇವಿಸಿದರೂ, ದಿನಕ್ಕೆ 3 ಗ್ರಾಂನಂತೆ 28 ದಿನ ಸೇವಿಸಿದರೂ ಸ್ನಾಯುಗಳಲ್ಲಿನ ಹೆಚ್ಚಳ ಸುಮಾರು ಶೇ. 20 ಆಗಿರುತ್ತದೆ. ಮೊದಲ ವಿಧಾನಕ್ಕೆ 120 ಗ್ರಾಂ ಪುಡಿ ಬೇಕು, ಎರಡನೆಯದಕ್ಕೆ 84 ಗ್ರಾಂ ಸಾಕು. ಅವಸರವಿಲ್ಲದವರಿಗೆ ಎರಡನೆಯ ವಿಧಾನದಿಂದ ಹಣವೂ ಉಳಿಯುತ್ತದೆ, ಹೊಟ್ಟೆಯ ತೊಂದರೆಯೂ ಕಡಿಮೆಯಾಗುತ್ತದೆ. ಸ್ನಾಯುಗಳ ಸಂಗ್ರಹಕ್ಕೆ ಮಿತಿಯಿರುವುದರಿಂದ ಹೆಚ್ಚುವರಿಯಾಗಿ ಸೇವಿಸಿದ್ದು ಮೂತ್ರದಲ್ಲಿ ಹೊರಹೋಗುತ್ತದೆ.

ಪುಡಿಯನ್ನು ನೀರಿನಲ್ಲಿ ಬಹಳ ಹೊತ್ತು ಕದಡಿಟ್ಟರೆ ಅದು ನಿಧಾನವಾಗಿ ಕ್ರಿಯಾಟಿನಿನ್ ಆಗಿ ಮಾರ್ಪಡುತ್ತದೆ. ಆದ್ದರಿಂದ ಕದಡಿದ ಕೂಡಲೇ ಸೇವಿಸಬೇಕು.

ಮಾರುಕಟ್ಟೆಯಲ್ಲಿ ಹೈಡ್ರೋಕ್ಲೋರೈಡ್, ಈಥೈಲ್ ಎಸ್ಟರ್ ಮುಂತಾದ ಹೆಸರುಗಳಲ್ಲಿ ದುಬಾರಿ ಬೆಲೆಯ ವಿಧಗಳು ದೊರೆಯುತ್ತವೆ. ಇವು ಮಾನೋಹೈಡ್ರೇಟ್‌ಗಿಂತ ಉತ್ತಮವೆಂಬುದಕ್ಕೆ ಆಧಾರವಿಲ್ಲ. ಸುರಕ್ಷತೆಯ ಬಗ್ಗೆ ಇಲ್ಲಿ ನೀಡಿರುವ ಮಾಹಿತಿಯು ಕ್ರಿಯಾಟಿನ್ ಮಾನೋಹೈಡ್ರೇಟ್‌ಗೆ ಮಾತ್ರ ಅನ್ವಯಿಸುತ್ತದೆ.

10. ಖರೀದಿಸುವಾಗ ಗಮನಿಸಬೇಕಾದ ಅಂಶಗಳು

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ನೆರವಿನಿಂದ ಜರ್ಮನಿಯ ಕೊಲೋನ್ ನಗರದ ಪ್ರಯೋಗಾಲಯವು 13 ದೇಶಗಳಲ್ಲಿ ಖರೀದಿಸಿದ 634 ಪೂರಕ ಉತ್ಪನ್ನಗಳನ್ನು ಪರೀಕ್ಷಿಸಿತು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ 94 ಉತ್ಪನ್ನಗಳಲ್ಲಿ, ಅಂದರೆ ಶೇ. 14.8ರಷ್ಟರಲ್ಲಿ, ಡಬ್ಬಿಯ ಮೇಲೆ ನಮೂದಿಸದ ಸ್ಟೀರಾಯ್ಡ್ ಸಂಬಂಧಿತ ವಸ್ತುಗಳು ಪತ್ತೆಯಾದವು. 'ಕ್ರಿಯಾಟಿನ್‌ನಿಂದ ತೊಂದರೆಯಾಯಿತು' ಎನ್ನುವ ಸಂದರ್ಭಗಳಲ್ಲಿ ಡಬ್ಬಿಯೊಳಗೆ ನಿಜವಾಗಿ ಏನಿತ್ತು ಎಂಬುದೂ ಮುಖ್ಯವಾದ ಪ್ರಶ್ನೆಯಾಗಿರುತ್ತದೆ.

ಭಾರತದಲ್ಲಿ ಆಹಾರ ಪೂರಕಗಳು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ವ್ಯಾಪ್ತಿಗೆ ಬರುತ್ತವೆ. ಖರೀದಿಸುವಾಗ ಕೆಳಕಂಡ ಅಂಶಗಳನ್ನು ಪರಿಶೀಲಿಸತಕ್ಕದ್ದು.

- ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ.
- 'ಆರೋಗ್ಯ ಪೂರಕ' ಹಾಗೂ 'ಔಷಧೀಯ ಬಳಕೆಗಾಗಿ ಅಲ್ಲ' ಎಂಬ ಅರ್ಥದ ನಮೂದುಗಳು, ದಿನಕ್ಕೆ ಸೇವಿಸಬೇಕಾದ ಪ್ರಮಾಣ ಮತ್ತು ಅದನ್ನು ಮೀರಬಾರದೆಂಬ ಎಚ್ಚರಿಕೆ.
- ತಯಾರಿಕಾ ದಿನಾಂಕ, ಬಳಕೆಯ ಅವಧಿ, ಬ್ಯಾಚ್ ಸಂಖ್ಯೆ.
- ಆಮದು ಮಾಡಿದ ಉತ್ಪನ್ನವಾದಲ್ಲಿ ಆಮದುದಾರರ ಹೆಸರು, ವಿಳಾಸ ಮತ್ತು ಪರವಾನಗಿ ಸಂಖ್ಯೆ.
- ಮೊಹರು ಒಡೆಯದ ಡಬ್ಬಿ ಮತ್ತು ಅಧಿಕೃತ ಬಿಲ್ಲು.

ಜಿಮ್‌ಗಳಲ್ಲಿ ದೊಡ್ಡ ಡಬ್ಬಿಯಿಂದ ತೆಗೆದು ಪ್ಲಾಸ್ಟಿಕ್ ಚೀಟಿಯಲ್ಲಿ ಕಟ್ಟಿಕೊಡುವ ಬಿಡಿ ಪುಡಿಯನ್ನು ಯಾವ ಕಾರಣಕ್ಕೂ ಖರೀದಿಸಬಾರದು. ಬಿಲ್ಲು ಇಲ್ಲದ ಖರೀದಿಗೆ ದೂರು ನೀಡಲು ಆಧಾರವೂ ಇರುವುದಿಲ್ಲ.

ಸದರಿ ಕಾಯ್ದೆಯ 40ನೇ ಪ್ರಕರಣದಂತೆ, ಖರೀದಿದಾರರು ತಾವು ಕೊಂಡ ಆಹಾರ ಪದಾರ್ಥವನ್ನು ನಿಗದಿತ ಶುಲ್ಕ ಪಾವತಿಸಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆದರೆ ಪರೀಕ್ಷೆ ಮಾಡಿಸುವ ಉದ್ದೇಶವನ್ನು ಖರೀದಿಸುವ ಸಮಯದಲ್ಲಿಯೇ ಮಾರಾಟಗಾರರಿಗೆ ತಿಳಿಸಬೇಕು. ಪದಾರ್ಥವು ಕಾಯ್ದೆಗೆ ಅನುಗುಣವಾಗಿಲ್ಲವೆಂದು ಕಂಡುಬಂದಲ್ಲಿ ಶುಲ್ಕವನ್ನು ಮರುಪಾವತಿ ಪಡೆಯಲು ಅವಕಾಶವಿದೆ. ಸಂಶಯಾಸ್ಪದ ಉತ್ಪನ್ನಗಳ ಬಗ್ಗೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ದೂರು ಸಲ್ಲಿಸಬಹುದು.

11. ಸ್ಪರ್ಧಾತ್ಮಕ ಕ್ರೀಡಾಪಟುಗಳಿಗೆ ವಿಶೇಷ ಸೂಚನೆ

ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಕ್ರಿಯಾಟಿನ್ ಇಲ್ಲ. ಆದರೆ ಉದ್ದೀಪನ ಮದ್ದು ತಡೆ ನಿಯಮಗಳ ಪ್ರಕಾರ, ಕ್ರೀಡಾಪಟುವಿನ ದೇಹದಲ್ಲಿ ಪತ್ತೆಯಾಗುವ ಪ್ರತಿಯೊಂದು ವಸ್ತುವಿಗೂ ಆ ಕ್ರೀಡಾಪಟುವೇ ಹೊಣೆ. ಪೂರಕದಲ್ಲಿ ನಿಷೇಧಿತ ವಸ್ತು ಬೆರೆತಿತ್ತು, ತನಗೆ ಗೊತ್ತಿರಲಿಲ್ಲ ಎಂಬ ಸಮಜಾಯಿಷಿಯಿಂದ ಹೊಣೆ ತಪ್ಪುವುದಿಲ್ಲ. ವರ್ಷಗಳ ಪರಿಶ್ರಮವು ಒಂದು ಡಬ್ಬಿಯಿಂದ ವ್ಯರ್ಥವಾಗಬಹುದು. ಆದ್ದರಿಂದ ಪ್ರತಿ ಬ್ಯಾಚ್ ಅನ್ನು ಸ್ವತಂತ್ರ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಪ್ರಮಾಣಪತ್ರವಿರುವ ಉತ್ಪನ್ನವನ್ನು ಮಾತ್ರ ಬಳಸಬೇಕು, ಡಬ್ಬಿ ಮತ್ತು ಬಿಲ್ಲನ್ನು ಕಾಯ್ದಿರಿಸಿಕೊಳ್ಳಬೇಕು.

12. ಯಾವಾಗ ವೈದ್ಯರನ್ನು ಕಾಣಬೇಕು?

ಕೆಳಕಂಡ ಯಾವುದೇ ಲಕ್ಷಣ ಕಂಡುಬಂದಲ್ಲಿ ಸೇವನೆಯನ್ನು ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಸಾಧ್ಯವಾದರೆ ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು.

- ಮುಖ, ಕಾಲು ಅಥವಾ ಪಾದಗಳಲ್ಲಿ ಬಾವು
- ಮೂತ್ರದ ಪ್ರಮಾಣ ಕಡಿಮೆಯಾಗುವುದು, ಮೂತ್ರದಲ್ಲಿ ಅತಿಯಾದ ನೊರೆ
- ಕಪ್ಪು ಚಹಾದ ಬಣ್ಣದ ಮೂತ್ರ ಹಾಗೂ ಸ್ನಾಯುಗಳಲ್ಲಿ ತೀವ್ರ ನೋವು (ಅತಿಯಾದ ವ್ಯಾಯಾಮದಿಂದ ಸ್ನಾಯು ಒಡೆದಿರುವ ಸೂಚನೆಯಾಗಿರಬಹುದು)
- ನಿಲ್ಲದ ವಾಂತಿ ಅಥವಾ ಭೇದಿ
- ಕಣ್ಣು ಹಳದಿಯಾಗುವುದು
- ಮುಖದ ಮೇಲೆ ಹಠಾತ್ ಮೊಡವೆಗಳು, ಪುರುಷರಲ್ಲಿ ಎದೆ ಊದುವುದು, ಸ್ವಭಾವದಲ್ಲಿ ಸಿಟ್ಟು ಹೆಚ್ಚುವುದು (ಉತ್ಪನ್ನದಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಶಯಕ್ಕೆ ಎಡೆಮಾಡುತ್ತದೆ)

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸೇವನೆ ನಿಲ್ಲಿಸಿದರೆ ತೊಂದರೆಯಾಗುವುದೇ?
ಉತ್ತರ: ಇಲ್ಲ. ಸ್ನಾಯುಗಳಲ್ಲಿನ ಸಂಗ್ರಹವು 4ರಿಂದ 6 ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಮರಳುತ್ತದೆ. ಸ್ವಲ್ಪ ತೂಕ ಇಳಿಯಬಹುದು. ಇದು ಚಟವಾಗುವ ವಸ್ತುವಲ್ಲ.

ಪ್ರಶ್ನೆ: ಮಹಿಳೆಯರು ಸೇವಿಸಬಹುದೇ?
ಉತ್ತರ: ಆರೋಗ್ಯವಂತ ವಯಸ್ಕ ಮಹಿಳೆಯರು ಮೇಲ್ಕಂಡ ಪ್ರಮಾಣದಲ್ಲಿ ಸೇವಿಸಬಹುದು. ಹಾರ್ಮೋನ್ ಅಲ್ಲವಾದ್ದರಿಂದ ಗಂಡುಲಕ್ಷಣಗಳು ಉಂಟಾಗುವುದಿಲ್ಲ.

ಪ್ರಶ್ನೆ: ಹಿರಿಯ ನಾಗರಿಕರಿಗೆ ಉಪಯೋಗವಿದೆಯೇ?
ಉತ್ತರ: ಭಾರ ಎತ್ತುವ ವ್ಯಾಯಾಮದೊಂದಿಗೆ ದಿನಕ್ಕೆ 3 ಗ್ರಾಂ ಸೇವಿಸಿದಾಗ 55 ವರ್ಷ ಮೀರಿದವರಲ್ಲಿ ಸ್ನಾಯುಬಲ ಹೆಚ್ಚಲು ಸಹಾಯವಾಗುತ್ತದೆ. ಆದರೆ ಮೂತ್ರಪಿಂಡದ ಪರೀಕ್ಷೆ ಮಾಡಿಸಿ, ವೈದ್ಯರ ಸಲಹೆ ಪಡೆದ ನಂತರವೇ ಆರಂಭಿಸಬೇಕು.

ಪ್ರಶ್ನೆ: ಪ್ರೋಟೀನ್ ಪುಡಿ ಮತ್ತು ಕ್ರಿಯಾಟಿನ್ ಒಂದೇ ಆಗಿವೆಯೇ?
ಉತ್ತರ: ಅಲ್ಲ. ಪ್ರೋಟೀನ್ ಪುಡಿಯು ಆಹಾರದ ಪ್ರೋಟೀನ್ ಅಂಶ. ಕೆಲವು ಪ್ರೋಟೀನ್ ಪುಡಿಗಳಲ್ಲಿ ಕ್ರಿಯಾಟಿನ್ ಸಹ ಸೇರಿಸಿರುತ್ತಾರೆ. ಎರಡನ್ನೂ ಬಳಸುವವರು ಒಟ್ಟು ಪ್ರಮಾಣವನ್ನು ಲೆಕ್ಕ ಹಾಕಿಕೊಳ್ಳಬೇಕು.

ಪ್ರಶ್ನೆ: ಜಿಮ್ ತರಬೇತುದಾರರ ಸಲಹೆ ಸಾಕೇ?
ಉತ್ತರ: ವ್ಯಾಯಾಮದ ವಿಧಾನಕ್ಕೆ ಸಾಕು. ಆರೋಗ್ಯ ತಪಾಸಣೆಗೆ ಮತ್ತು ರಕ್ತಪರೀಕ್ಷೆಯ ವರದಿಯ ಬಗ್ಗೆ ವೈದ್ಯರ ಸಲಹೆಯನ್ನೇ ಪಡೆಯಬೇಕು.

ಸೂಚನೆ: ಈ ಪುಟದಲ್ಲಿನ ಮಾಹಿತಿಯನ್ನು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ. ಇದು ವೈದ್ಯರ ಸಲಹೆಗೆ ಪರ್ಯಾಯವಲ್ಲ. ಯಾವುದೇ ಕಂಪನಿಯ ಉತ್ಪನ್ನವನ್ನು ಇಲ್ಲಿ ಶಿಫಾರಸು ಮಾಡಿರುವುದಿಲ್ಲ.